ವಿಷಯಿಯೂ ವಿಷಯವೂ: ಪ್ರಯೋಗಮನಶ್ಶಾಸ್ತ್ರದಲ್ಲಿ ಪರೀಕ್ಷ್ಯನ ಸ್ಥಾನ

೧

ಒಂದು ಶಾಸ್ತ್ರದ ಚರಿತ್ರೆಯನ್ನು ಅದರ ಸಿದ್ಧಾಂತಗಳ ಮೂಲಕ ತಿಳಿಯುವುದು ರೂಢಿಯಾಗಿದೆ. ಆದರೆ ಎಷ್ಟೋ ವೇಳೆ ಸಿದ್ಧಾಂತಗಳು ಮರೆಮಾಡಿದ ಸಂಗತಿಯನ್ನು ಆ ಶಾಸ್ತ್ರದ ಸಂಜ್ಞಾಶಬ್ದಗಳು ಹೊರಗೆಡಹುತ್ತವೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಲ್ಲಿ ತಲೆಯೆತ್ತಿದ ಪ್ರಯೋಗಮನಶ್ಶಾಸ್ತ್ರವು ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಪ್ರಯೋಗವನ್ನು ನಡೆಸುವವನು ಪರೀಕ್ಷಕ; ಯಾರ ಮನೋವ್ಯಾಪಾರವು ಪರೀಕ್ಷೆಗೆ ಒಳಗಾಗುವುದೋ ಅವನು ಪರೀಕ್ಷ್ಯ. ಪರೀಕ್ಷಕನ ಹೆಸರು ಆರಂಭದಿಂದ ಇಂದಿನವರೆಗೆ ಹೆಚ್ಚಾಗಿ ಬದಲಾಗಿಲ್ಲ. ಪರೀಕ್ಷ್ಯನ ಹೆಸರಾದರೋ ಬಾರಿಬಾರಿಗೂ ಮಾರ್ಪಟ್ಟಿದೆ. ಈ ನಾಮಪರಿವರ್ತನೆಯನ್ನು ಅನುಸರಿಸಿ ಹೋದರೆ, ಆ ಶಾಸ್ತ್ರದ ಸಂಶೋಧನಕ್ರಮವೂ ಅದರ ಧರ್ಮಾಧರ್ಮವಿಚಾರವೂ ಒಂದೇ ಬೇರಿನಿಂದ ಹುಟ್ಟಿದ ಎರಡು ಕವಲುಗಳೆಂಬುದು ತೋರಿಬರುತ್ತದೆ.

ನಮ್ಮ ಶಾಸ್ತ್ರಕಾರರಿಗೆ ಈ ತೊಡಕು ಅಪರಿಚಿತವಲ್ಲ. ಅರಿಯುವವನು ವಿಷಯಿ, ಅರಿಯಲ್ಪಡುವುದು ವಿಷಯ; ಇವೆರಡನ್ನೂ ಒಂದರ ಮೇಲೊಂದು ಆರೋಪಿಸುವುದೇ ಅಧ್ಯಾಸ. ಶ್ರೀ ಶಂಕರಾಚಾರ್ಯರ ಸೂತ್ರಭಾಷ್ಯವು ಈ ವಿವೇಚನೆಯಿಂದಲೇ ಆರಂಭವಾಗುತ್ತದೆಂಬುದು ವಿದ್ವಜ್ಜನರಿಗೆ ವಿದಿತವಾದುದೇ. ಕಲ್ಲನ್ನು ತೂಗುವವನಿಗೆ ಈ ಚಿಂತೆಯಿಲ್ಲ. ಕಲ್ಲು ಎಂದೆಂದಿಗೂ ವಿಷಯವೇ. ಮನಶ್ಶಾಸ್ತ್ರಜ್ಞನ ಮುಂದೆ ಕುಳಿತಿರುವುದಾದರೋ ತನ್ನನ್ನು ನೋಡುತ್ತಿರುವವನನ್ನು ತಾನೂ ನೋಡುವ, ಕೇಳಿದ ಪ್ರಶ್ನೆಯ ಹಿಂದಿರುವ ಉದ್ದೇಶವನ್ನು ಊಹಿಸುವ, ನೋವನ್ನೂ ನಾಚಿಕೆಯನ್ನೂ ಬಲ್ಲ ಇನ್ನೊಬ್ಬ ವಿಷಯಿ. ಅವನನ್ನು ಕೇವಲ ವಿಷಯವೆಂದು ಬಗೆದಾಗ ಏನಾಗುವುದು? ಪ್ರಯೋಗಮನಶ್ಶಾಸ್ತ್ರದ ಚರಿತ್ರೆಯು ಬಹುಮಟ್ಟಿಗೆ ಈ ಪ್ರಶ್ನೆಗೆ ದೊರೆತ ಉತ್ತರವಾಗಿದೆ.

೨

೧೮೭೯ರಲ್ಲಿ ಜರ್ಮನಿಯ ಲೈಪ್‌ಜಿಗ್ ವಿಶ್ವವಿದ್ಯಾನಿಲಯದಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಆಚಾರ್ಯನು ಸ್ಥಾಪಿಸಿದ ಪ್ರಯೋಗಶಾಲೆಯನ್ನು ಈ ಶಾಸ್ತ್ರದ ಜನ್ಮಸ್ಥಾನವೆಂದು ಎಣಿಸುವುದು ವಾಡಿಕೆ. ಕ್ಷಣದ ಸಹಸ್ರಾಂಶವನ್ನು ಅಳೆಯಬಲ್ಲ ಕಾಲಮಾಪಕಯಂತ್ರಗಳು ಅಲ್ಲಿದ್ದವು. ಬೆಳಕು ಕಂಡೊಡನೆ ಗುಂಡಿಯನ್ನೊತ್ತುವುದಕ್ಕೆ ಎಷ್ಟು ಕಾಲ ಹಿಡಿಯುವುದು, ಎರಡು ಧ್ವನಿಗಳಲ್ಲಿ ಭೇದವು ಯಾವ ಮಟ್ಟದಲ್ಲಿ ತಿಳಿಯುವುದು ಎಂಬಂತಹ ಪ್ರಶ್ನೆಗಳನ್ನು ಅಲ್ಲಿ ವಿಚಾರಿಸುತ್ತಿದ್ದರು. ಇವೆಲ್ಲಕ್ಕಿಂತ ಗಮನಾರ್ಹವಾದ ಸಂಗತಿ ಇನ್ನೊಂದುಂಟು. ೧೯೯೦ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಕರ್ಟ್ ಡಾನ್‌ಜಿಗರ್ ಎಂಬ ಚರಿತ್ರಕಾರನು ತೋರಿಸಿರುವಂತೆ, ಲೈಪ್‌ಜಿಗ್‌ನಲ್ಲಿ ಪರೀಕ್ಷಕ ಪರೀಕ್ಷ್ಯರ ಸ್ಥಾನಗಳು ಅದಲುಬದಲಾಗುತ್ತಿದ್ದವು. ಇಂದು ಯಂತ್ರದ ಬಳಿ ನಿಂತವನು ನಾಳೆ ಅದರ ಮುಂದೆ ಕುಳಿತುಕೊಳ್ಳುವನು. ಆಚಾರ್ಯನಾದ ವುಂಟನೂ ಪರೀಕ್ಷ್ಯನಾಗಿ ಕುಳಿತದ್ದುಂಟು. ಈ ಇಬ್ಬರಲ್ಲಿ ಹೆಚ್ಚಿನ ಮಾನವು ಪರೀಕ್ಷ್ಯನಿಗೇ ಸಲ್ಲುತ್ತಿದ್ದಿತು. ಏಕೆಂದರೆ ಒಳಗಣ ಅನುಭವವನ್ನು ಕಂಡು ಹೇಳತಕ್ಕವನು ಅವನೇ. ಅವನಿಗಿದ್ದ ಹೆಸರುಗಳಲ್ಲಿ ಒಂದು ‘ದ್ರಷ್ಟೃ’ ಎಂಬರ್ಥದ ಜರ್ಮನ್ ಪದ. ಪ್ರಯೋಗವರದಿಗಳಲ್ಲಿ ಅವನ ಹೆಸರೂ ಬರುತ್ತಿದ್ದಿತು.

ಇದೇ ಭಾವದ ಪರಾಕಾಷ್ಠೆಯನ್ನು ಹರ್ಮನ್ ಎಬಿಂಗ್‌ಹೌಸ್ ಎಂಬುವನಲ್ಲಿ ಕಾಣಬಹುದು. ಸ್ಮೃತಿಯನ್ನು ಕುರಿತ ಅವನ ಗ್ರಂಥವು ೧೮೮೫ರಲ್ಲಿ ಹೊರಬಂದಿತು. ಅರ್ಥಸಂಬಂಧವಿಲ್ಲದ ಸುಮಾರು ೨,೩೦೦ ಅಕ್ಷರಪುಂಜಗಳನ್ನು ರಚಿಸಿಕೊಂಡು, ಅವುಗಳ ಪಂಕ್ತಿಗಳನ್ನು ತಾನೇ ಕಂಠಪಾಠಮಾಡಿ, ಗಂಟೆಗಳೂ ದಿವಸಗಳೂ ಕಳೆದ ಮೇಲೆ ಅವನ್ನು ಪುನಃ ಕಲಿಯುವುದಕ್ಕೆ ಬೇಕಾದ ಕಾಲವನ್ನು ಅಳೆದು, ಮರವೆಯ ಕ್ರಮವನ್ನು ಅವನು ಗುರುತಿಸಿದನು. ಅಲ್ಲಿ ಪರೀಕ್ಷಕನೂ ಪರೀಕ್ಷ್ಯನೂ ಒಬ್ಬನೇ. ಶ್ರಮವೆಲ್ಲವೂ ಅವನದೇ, ಇನ್ನೊಬ್ಬರಿಗೆ ಪೀಡೆಯಿಲ್ಲ, ವಂಚನೆಯಿಲ್ಲ.

ಆದರೆ ಲೈಪ್‌ಜಿಗ್‌ನ ಮಾರ್ಗವು ನಿರ್ದೋಷವೆಂದು ಹೇಳುವಂತಿಲ್ಲ. ಪಳಗಿದ ದ್ರಷ್ಟೃವು ತನ್ನ ಗುರುವಿನ ಮತವನ್ನೂ ಬಲ್ಲವನು. ಆದುದರಿಂದ ಗುರುವಿಗೆ ಇಷ್ಟವಾದುದನ್ನೇ ತನ್ನೊಳಗೆ ಕಾಣುವ ಅಪಾಯವುಂಟು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವುರ್ಟ್ಸ್‌ಬುರ್ಗ್‌ನ ವಿದ್ವಾಂಸರು ಮನೋಬಿಂಬವಿಲ್ಲದ ಚಿಂತನೆಯುಂಟೆಂದರು. ಅಮೆರಿಕದ ಕಾರ್ನೆಲ್‌ನಲ್ಲಿ ಟಿಚೆನರನ ಶಿಷ್ಯರು ಅಂತಹುದು ಇಲ್ಲವೆಂದರು. ಇಬ್ಬರದೂ ಸ್ವಾನುಭವವೇ. ಇಂತಹ ವಾದಕ್ಕೆ ಮಧ್ಯಸ್ಥನೆಲ್ಲಿ? ಇಷ್ಟೇ ಅಲ್ಲದೆ ಮಕ್ಕಳೂ ರೋಗಿಗಳೂ ಪ್ರಾಣಿಗಳೂ ಇಂತಹ ಅಂತರ್ನಿರೀಕ್ಷಣೆಗೆ ಒದಗುವವರಲ್ಲ. ಆದುದರಿಂದ ಶಾಸ್ತ್ರವು ವಿದ್ವಾಂಸರ ಮಂಡಲಿಯನ್ನು ಬಿಟ್ಟು ಹೊರಗೆ ಬರಬೇಕಾದುದು ಅನಿವಾರ್ಯವಾಯಿತು. ಹಾಗೆ ಹೊರಬರುವಾಗ ದ್ರಷ್ಟೃವಿನ ಗೌರವವು ಒಳಗೇ ಉಳಿದುಹೋಯಿತು.

೩

ಇತ್ತ ಪ್ಯಾರಿಸಿನಲ್ಲಿ ಬೇರೊಂದು ಸಂಪ್ರದಾಯವು ನಡೆಯುತ್ತಿದ್ದಿತು. ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೋ ಎಂಬ ವೈದ್ಯನು ಉನ್ಮಾದಸದೃಶವಾದ ಹಿಸ್ಟೀರಿಯಾ ರೋಗಕ್ಕೆ ಗುರಿಯಾದ ಸ್ತ್ರೀಯರನ್ನು ಸಂಮೋಹನನಿದ್ರೆಗೆ ಒಳಪಡಿಸಿ ಅವರ ಚೇಷ್ಟೆಗಳನ್ನು ಸಭೆಗೆ ತೋರಿಸುತ್ತಿದ್ದನು. ಅಲ್ಲಿ ವೈದ್ಯನು ಎಂದೆಂದಿಗೂ ವೈದ್ಯನೇ, ರೋಗಿಯು ಎಂದೆಂದಿಗೂ ರೋಗಿಯೇ. ಸ್ಥಾನಗಳು ಬದಲಾಗುವ ಮಾತೇ ಇಲ್ಲ. ಆ ಸಂಪ್ರದಾಯದಲ್ಲಿ ಪರೀಕ್ಷ್ಯನಿಗೆ ಸಲ್ಲುತ್ತಿದ್ದ ಹೆಸರು ‘ಸುಜೆ’, ಇಂಗ್ಲಿಷಿನಲ್ಲಿ ‘ಸಬ್ಜೆಕ್ಟ್’. ಲ್ಯಾಟಿನ್ ಮೂಲದಲ್ಲಿ ಈ ಪದಕ್ಕೆ ‘ಕೆಳಗೆ ಹಾಕಲ್ಪಟ್ಟುದು’ ಎಂದರ್ಥ. ಅರಸನ ಆಳ್ವಿಕೆಗೆ ಒಳಪಟ್ಟ ಪ್ರಜೆಗೂ ಇದೇ ಪದ. ಚರ್ಚೆಯ ವಿಷಯಕ್ಕೂ ಇದೇ ಪದ. ತತ್ತ್ವಶಾಸ್ತ್ರದಲ್ಲಿ ಅರಿಯುವ ಆತ್ಮಕ್ಕೂ ಇದೇ ಪದ. ಡಾನ್‌ಜಿಗರನು ಎತ್ತಿ ತೋರಿಸಿರುವ ಇನ್ನೊಂದು ಅರ್ಥವು ಓದುವವರನ್ನು ಬೆಚ್ಚಿಸುವಂತಹುದು: ವೈದ್ಯಕದಲ್ಲಿ ಈ ಪದವು ಮೊದಲು ಅಂಗಚ್ಛೇದನಕ್ಕಾಗಿ ಮೇಜಿನ ಮೇಲಿರಿಸಿದ ಶವಕ್ಕೆ ಸಲ್ಲುತ್ತಿದ್ದು, ಅಲ್ಲಿಂದ ಚಿಕಿತ್ಸೆಗೆ ಒಳಗಾದ ಜೀವಂತ ಮನುಷ್ಯನಿಗೆ ಸಂಕ್ರಮಿಸಿತು.

ವಿಷಯಿ, ವಿಷಯ, ಪ್ರಜೆ, ಶವ, ಈ ನಾಲ್ಕನ್ನೂ ಹೊತ್ತ ಪದವೊಂದು ಮನಶ್ಶಾಸ್ತ್ರದ ಪರೀಕ್ಷ್ಯನಿಗೆ ರೂಢಿಯಾಯಿತು. ಇಪ್ಪತ್ತನೆಯ ಶತಮಾನವು ಮುಂದುವರಿದಂತೆ ದ್ರಷ್ಟೃಶಬ್ದವು ಹಿಂದೆ ಸರಿದು, ವರದಿಗಳಲ್ಲಿ ವ್ಯಕ್ತಿಯ ಹೆಸರಿದ್ದ ಸ್ಥಾನಕ್ಕೆ ಗುಂಪಿನ ಸಂಖ್ಯೆಯೂ ಸರಾಸರಿಯೂ ಬಂದವು. ಇದರಿಂದ ಲಾಭವೂ ಆಯಿತು. ಒಬ್ಬನ ವೈಚಿತ್ರ್ಯವನ್ನು ಎಲ್ಲರ ಧರ್ಮವೆಂದು ಭ್ರಮಿಸುವ ದೋಷವು ತಗ್ಗಿತು. ಆದರೆ ಸಂಖ್ಯೆಗೆ ಮಾತಿಲ್ಲ. ತನಗೇನಾಯಿತೆಂದು ಹೇಳಬಲ್ಲ ಸಾಕ್ಷಿಯು ಲೆಕ್ಕದ ಪುಸ್ತಕದ ಒಂದು ಅಂಕವಾಗಿ ಉಳಿದನು.

೪

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ಪರೀಕ್ಷ್ಯನಿಗೆ ಪ್ರಯೋಗದ ತಾತ್ಪರ್ಯವು ತಿಳಿದರೆ ಅವನ ನಡವಳಿಕೆಯೇ ಬೇರೆಯಾಗುವುದು. ಆದುದರಿಂದ ಅವನನ್ನು ಅಜ್ಞಾನದಲ್ಲಿರಿಸುವುದು ಶಾಸ್ತ್ರಕ್ಕೆ ಅಗತ್ಯ. ಇದರಲ್ಲಿ ಅಧರ್ಮವನ್ನು ಹುಡುಕುವುದು ವ್ಯರ್ಥ’ ಎಂಬುದು ಆ ಪಕ್ಷ. ಇದು ತಳ್ಳಿಹಾಕತಕ್ಕ ಮಾತಲ್ಲ. ಇದರ ಬಲವನ್ನೂ ಮಿತಿಯನ್ನೂ ಅಳೆಯುವುದಕ್ಕೆ ಬರ್ಲಿನ್ನಿನ ಕುದುರೆಯ ವೃತ್ತಾಂತವು ಚೆನ್ನಾಗಿ ಒದಗುತ್ತದೆ.

ಫಾನ್ ಓಸ್ಟೆನ್ ಎಂಬ ನಿವೃತ್ತ ಉಪಾಧ್ಯಾಯನ ಬಳಿ ಹಾನ್ಸ್ ಎಂಬ ಕುದುರೆಯಿದ್ದಿತು. ಕೂಡುವ ಕಳೆಯುವ ಲೆಕ್ಕಗಳನ್ನು ಕೇಳಿದರೆ ಅದು ಗೊರಸಿನಿಂದ ನೆಲವನ್ನು ತಟ್ಟಿ ಉತ್ತರವನ್ನು ಹೇಳುತ್ತಿದ್ದಿತು. ೧೯೦೪ರಲ್ಲಿ ಕಾರ್ಲ್ ಸ್ಟುಂಪ್ಫ್ ಎಂಬ ಆಚಾರ್ಯನ ನೇತೃತ್ವದ ಮಂಡಲಿಯೊಂದು ಪರೀಕ್ಷಿಸಿ, ಇದರಲ್ಲಿ ಬುದ್ಧಿಪೂರ್ವಕವಾದ ಮೋಸವಿಲ್ಲವೆಂದು ಹೇಳಿತು. ಬಳಿಕ ಓಸ್ಕರ್ ಫುಂಗ್‌ಸ್ಟ್ ಎಂಬುವನು ಅನ್ವಯವ್ಯತಿರೇಕಗಳಿಂದ ಶೋಧಿಸಿದನು. ಪ್ರಶ್ನೆ ಕೇಳುವವನಿಗೆ ಉತ್ತರವು ತಿಳಿದಿದ್ದರೆ ಕುದುರೆಯ ಉತ್ತರವು ಸರಿ. ಅವನಿಗೆ ತಿಳಿಯದಿದ್ದರೆ ತಪ್ಪು. ಕುದುರೆಯ ಕಣ್ಣಿಗೆ ಅವನು ಕಾಣದಂತೆ ಮರೆಮಾಡಿದರೂ ತಪ್ಪು. ಎಣಿಕೆಯು ಸರಿಯಾದ ಅಂಕವನ್ನು ಮುಟ್ಟಿದೊಡನೆ ಪ್ರಶ್ನಕಾರನ ತಲೆಯು ಅವನಿಗೇ ಅರಿವಿಲ್ಲದೆ ತುಸು ಅಲುಗುತ್ತಿದ್ದಿತು. ಕುದುರೆಯು ಅದನ್ನು ಕಂಡು ಗೊರಸನ್ನು ನಿಲ್ಲಿಸುತ್ತಿದ್ದಿತು. ನೈಯಾಯಿಕರ ಮಾತಿನಲ್ಲಿ ಹೇಳುವುದಾದರೆ, ಕುದುರೆಯ ಗಣಿತಜ್ಞಾನವು ಇಲ್ಲಿ ಅನ್ಯಥಾಸಿದ್ಧ. ಫುಂಗ್‌ಸ್ಟನು ಇಷ್ಟಕ್ಕೇ ನಿಲ್ಲದೆ, ಪ್ರಯೋಗಶಾಲೆಯಲ್ಲಿ ಕುದುರೆಯ ಸ್ಥಾನದಲ್ಲಿ ತಾನೇ ನಿಂತು, ಇತರರು ಮನಸ್ಸಿನಲ್ಲಿ ನೆನೆದ ಅಂಕಗಳನ್ನು ಅವರ ಅಂತಹುದೇ ಚಲನೆಗಳಿಂದ ತಿಳಿದು ತಟ್ಟಿ ತೋರಿಸಿದನು. ಈ ವಿಚಾರಣೆಯ ಗ್ರಂಥವು ೧೯೦೭ರಲ್ಲಿ ಪ್ರಕಟವಾಯಿತು.

ಈ ವೃತ್ತಾಂತದಿಂದ ಏನು ಸಿದ್ಧವಾಯಿತು? ಅಜ್ಞಾನವು ಶಾಸ್ತ್ರಕ್ಕೆ ಬೇಕಾಗಬಹುದು, ನಿಜ. ಆದರೆ ಇಲ್ಲಿ ಅಜ್ಞಾನದಲ್ಲಿರಿಸಬೇಕಾದವನು ಕುದುರೆಯಲ್ಲ, ಪ್ರಶ್ನೆ ಕೇಳಿದ ಮನುಷ್ಯ. ದೋಷವು ವಿಷಯದಲ್ಲಿರಲಿಲ್ಲ, ಪರೀಕ್ಷಕನಲ್ಲಿದ್ದಿತು. ೧೯೬೩ರಲ್ಲಿ ರೋಸೆಂಥಾಲ್ ಮತ್ತು ಫೋಡ್ ಎಂಬುವರು ಪ್ರಕಟಿಸಿದ ಪ್ರಯೋಗವೂ ಇದನ್ನೇ ದೃಢಪಡಿಸಿತು. ಒಂದೇ ಬಗೆಯ ಇಲಿಗಳನ್ನು ಕೆಲವು ವಿದ್ಯಾರ್ಥಿಗಳಿಗೆ ಜಾಣತಳಿಯೆಂದೂ ಕೆಲವರಿಗೆ ದಡ್ಡತಳಿಯೆಂದೂ ಹೇಳಿ ಕೊಟ್ಟಾಗ, ಜಾಣವೆಂದು ಹೆಸರುಹೊತ್ತ ಇಲಿಗಳೇ ಹೆಚ್ಚು ಚೆನ್ನಾಗಿ ಕಲಿತಂತೆ ಫಲಿತವು ಬಂದಿತು. ಪರೀಕ್ಷಕನು ತನ್ನನ್ನು ಶುದ್ಧವಿಷಯಿಯೆಂದೂ ಎದುರಿನವನನ್ನು ಶುದ್ಧವಿಷಯವೆಂದೂ ಬಗೆದಲ್ಲಿ ಕ್ರಮದೋಷವು ಹುಟ್ಟುತ್ತದೆಂಬುದು ಇಲ್ಲಿಗೆ ನಿಶ್ಚಿತವಾಯಿತು. ಅದೇ ಬಗೆಯಿಂದ ಧರ್ಮದೋಷವೂ ಹುಟ್ಟುವುದನ್ನು ಇನ್ನು ನೋಡಬೇಕು.

೫

೧೯೨೦ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ವಾಟ್ಸನ್ ಎಂಬ ಆಚಾರ್ಯನೂ ರೇನರ್ ಎಂಬ ಆತನ ಸಹಾಯಕಿಯೂ ಒಂದು ಶಿಶುವಿನ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಅಂತರ್ನಿರೀಕ್ಷಣೆಯನ್ನು ಶಾಸ್ತ್ರದಿಂದಲೇ ಹೊರದೂಡಬೇಕೆಂಬುದು ವಾಟ್ಸನನ ಮತ. ಕಣ್ಣಿಗೆ ಕಾಣುವ ನಡವಳಿಕೆಯೊಂದೇ ಅವನಿಗೆ ಪ್ರಮಾಣ. ಆ ಶಿಶುವಿನ ತಾಯಿಯು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಇತರರ ಮಕ್ಕಳಿಗೆ ಹಾಲೂಡುವ ದಾದಿ. ಹನ್ನೊಂದು ತಿಂಗಳ ಆ ಮಗುವು ಬಿಳಿಯ ಇಲಿಯನ್ನು ಮುಟ್ಟಹೋದಾಗಲೆಲ್ಲ ಅದರ ಬೆನ್ನ ಹಿಂದೆ ಉಕ್ಕಿನ ಸರಳನ್ನು ಸುತ್ತಿಗೆಯಿಂದ ಬಡಿದರು. ಕೆಲವು ಸಲ ಹೀಗಾದ ಬಳಿಕ ಇಲಿಯನ್ನು ಕಂಡರೇ ಮಗುವು ಅಳತೊಡಗಿತು. ಮೊಲವನ್ನೂ ತುಪ್ಪಳದ ಅಂಗಿಯನ್ನೂ ಕಂಡು ಬೆದರಿತೆಂದು ವರದಿಯು ಹೇಳುತ್ತದೆ. ಮಗುವನ್ನು ಆಸ್ಪತ್ರೆಯಿಂದ ಕರೆದೊಯ್ದುದರಿಂದ ಆ ಭಯವನ್ನು ಕಳೆಯುವ ಪ್ರಯತ್ನವು ನಡೆಯಲಿಲ್ಲವೆಂದೂ ಅದರಲ್ಲಿಯೇ ಉಂಟು.

ಈ ಪ್ರಯೋಗವನ್ನು ಕ್ರೌರ್ಯಕ್ಕೆ ಉದಾಹರಣೆಯಾಗಿ ಹೇಳುವುದು ವಾಡಿಕೆ, ಅದು ಯುಕ್ತವೇ. ಆದರೆ ಕ್ರಮದ ದೃಷ್ಟಿಯಿಂದಲೂ ಅದು ದುರ್ಬಲವೆಂಬುದನ್ನು ಮರೆಯಬಾರದು. ಪರೀಕ್ಷ್ಯವು ಒಂದೇ ಶಿಶು. ಭಯವಾಯಿತೋ ಇಲ್ಲವೋ ಎಂದು ನಿರ್ಣಯಿಸಿದವರು ಭಯವನ್ನು ಹುಟ್ಟಿಸಲು ಬಯಸಿದವರೇ. ಬರ್ಲಿನ್ನಿನ ಕುದುರೆಯು ಕಲಿಸಿದ ಪಾಠವನ್ನು ಇಲ್ಲಿ ಯಾರೂ ನೆನೆಯಲಿಲ್ಲ. ಇದಕ್ಕೆ ಪ್ರತಿಯಾಗಿ ೧೯೨೪ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ವಿದುಷಿಯು ಪ್ರಕಟಿಸಿದ ಪ್ರಯೋಗವನ್ನು ನಿಲ್ಲಿಸಿ ನೋಡಬಹುದು. ಮೊಲಕ್ಕೆ ಮೊದಲೇ ಅಂಜುತ್ತಿದ್ದ ಬಾಲಕನೊಬ್ಬನಿಗೆ ಅವನ ಮೆಚ್ಚಿನ ತಿನಿಸನ್ನು ಕೊಡುತ್ತ, ಮೊಲವನ್ನು ದಿನದಿಂದ ದಿನಕ್ಕೆ ತುಸುತುಸುವೇ ಹತ್ತಿರ ತಂದು, ಕೊನೆಗೆ ಅವನು ಅದನ್ನು ಕೈಯಿಂದ ನೇವರಿಸುವಂತೆ ಆಕೆಯು ಮಾಡಿದಳು. ಭಯವು ಕಲಿಕೆಗೆ ಒಳಪಡತಕ್ಕದ್ದೆಂಬ ತತ್ತ್ವವು ಇಲ್ಲಿಯೂ ಪರೀಕ್ಷೆಗೆ ಬಂದಿತು, ಬಾಲಕನಿಗೆ ಅಪಕಾರವಾಗಲಿಲ್ಲ. ಮುಂದಣ ಕಾಲದಲ್ಲಿ ಭಯಚಿಕಿತ್ಸೆಗೆ ಅಡಿಗಲ್ಲಾದುದು ಈ ಎರಡನೆಯದು.

ಇದಕ್ಕಿಂತಲೂ ವಿಷಾದಕರವಾದುದು ೧೯೩೯ರಲ್ಲಿ ಅಮೆರಿಕದ ಅಯೋವಾ ಪ್ರಾಂತದಲ್ಲಿ ನಡೆದುದು. ಅಲ್ಲಿನ ವಿಶ್ವವಿದ್ಯಾನಿಲಯದ ವೆಂಡೆಲ್ ಜಾನ್ಸನನು ತಾನೇ ತೊದಲುವವನಾಗಿದ್ದನು. ತೊದಲು ಹುಟ್ಟುಗುಣವಲ್ಲ, ಹಿರಿಯರ ಆಕ್ಷೇಪಣೆಯಿಂದ ಬೆಳೆಯುವುದೆಂಬುದು ಅವನ ಊಹೆ. ಅವನ ಮಾರ್ಗದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳು ಅನಾಥಾಲಯದ ೨೨ ಮಕ್ಕಳನ್ನು ಆರಿಸಿಕೊಂಡಳು. ಅವರಲ್ಲಿ ಸರಿಯಾಗಿಯೇ ಮಾತನಾಡುತ್ತಿದ್ದ ಕೆಲವರಿಗೆ ‘ನಿನ್ನ ಮಾತಿನಲ್ಲಿ ತೊದಲಿದೆ’ ಎಂದು ತಿಂಗಳುಗಟ್ಟಲೆ ಹೇಳುತ್ತ ಬರಲಾಯಿತು. ಆ ಮಕ್ಕಳಿಗೆ ನಿಜವಾದ ಉದ್ದೇಶವನ್ನು ತಿಳಿಸಲಿಲ್ಲ. ಫಲಿತವು ಊಹೆಯನ್ನು ಸ್ಪಷ್ಟವಾಗಿ ಸ್ಥಾಪಿಸಲಿಲ್ಲ; ಆದರೆ ಮಕ್ಕಳಲ್ಲಿ ಕೆಲವರು ಮಾತಿಗೇ ಅಂಜುವವರಾದರು. ಪ್ರಬಂಧವು ಪತ್ರಿಕೆಗಳಲ್ಲಿ ಪ್ರಕಟವಾಗದೆ ಗ್ರಂಥಾಲಯದಲ್ಲಿ ಉಳಿಯಿತು. ೨೦೦೧ರಲ್ಲಿ ವೃತ್ತಪತ್ರಿಕೆಯೊಂದು ಇದನ್ನು ಬಯಲಿಗೆ ತಂದಾಗ ವಿಶ್ವವಿದ್ಯಾನಿಲಯವು ಕ್ಷಮೆ ಬೇಡಿತು. ೨೦೦೭ರಲ್ಲಿ ಆ ಪ್ರಾಂತದ ಸರಕಾರವು ೯,೨೫,೦೦೦ ಡಾಲರುಗಳ ಪರಿಹಾರಕ್ಕೆ ಒಪ್ಪಿತು. ತೊದಲುವವನ ಸಂಕಟವನ್ನು ತನ್ನಲ್ಲಿಯೇ ಬಲ್ಲವನು ಮಕ್ಕಳನ್ನು ವಿಷಯಮಾತ್ರವಾಗಿ ಕಂಡನೆಂಬುದು ವಿಚಾರಮಾಡತಕ್ಕ ಸಂಗತಿ. ಎಬಿಂಗ್‌ಹೌಸನು ತನ್ನ ಮೇಲೆ ಹೊತ್ತುಕೊಂಡ ಭಾರವನ್ನು ಇಲ್ಲಿ ಹೊತ್ತವರು ಎದುರುಮಾತನಾಡುವ ಬಂಧುಗಳಿಲ್ಲದ ಮಕ್ಕಳು.

೬

ಎರಡನೆಯ ಮಹಾಯುದ್ಧಾನಂತರ ನ್ಯೂರೆಂಬರ್ಗ್‌ನಲ್ಲಿ ನಾತ್ಸೀ ವೈದ್ಯರ ವಿಚಾರಣೆ ನಡೆಯಿತು. ೧೯೪೭ರ ಆಗಸ್ಟ್ ತಿಂಗಳ ತೀರ್ಪಿನಲ್ಲಿ ಮನುಷ್ಯರ ಮೇಲಣ ಪ್ರಯೋಗಗಳಿಗೆ ಹತ್ತು ನಿಯಮಗಳು ಹೇಳಲ್ಪಟ್ಟವು. ಪರೀಕ್ಷ್ಯನ ಸ್ವತಂತ್ರವಾದ ಒಪ್ಪಿಗೆಯು ಅವುಗಳಲ್ಲಿ ಮೊದಲನೆಯದು. ಅಮೆರಿಕದ ಮನಶ್ಶಾಸ್ತ್ರಸಂಘವು ತನ್ನ ಸದಸ್ಯರಿಗಾಗಿ ನಿಯಮಾವಳಿಯೊಂದನ್ನು ೧೯೫೩ರಲ್ಲಿ ಪ್ರಕಟಿಸಿತು. ಅದನ್ನು ರಚಿಸಿದ ಬಗೆಯು ಕುತೂಹಲಕರವಾದುದು. ಕೆಲವು ಹಿರಿಯರು ಕುಳಿತು ವಿಧಿನಿಷೇಧಗಳನ್ನು ಬರೆಯುವುದಕ್ಕೆ ಬದಲಾಗಿ, ಸದಸ್ಯರೆಲ್ಲರಿಗೂ ಪತ್ರ ಬರೆದು, ಅವರು ವೃತ್ತಿಯಲ್ಲಿ ಕಂಡ ಧರ್ಮಸಂಕಟಗಳ ವೃತ್ತಾಂತಗಳನ್ನು ತರಿಸಿಕೊಂಡು, ಅಂತಹ ಸುಮಾರು ಸಾವಿರ ಪ್ರಸಂಗಗಳಿಂದ ನಿಯಮಗಳನ್ನು ತೆಗೆದರು. ಧರ್ಮನಿರ್ಣಯಕ್ಕೂ ಸಂಶೋಧನಕ್ರಮವನ್ನೇ ಬಳಸಿದಂತಾಯಿತು.

ಹೀಗಿದ್ದರೂ ೧೯೬೧ರಿಂದ ೧೯೬೨ರವರೆಗೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಎಂಬುವನು ನಡೆಸಿದ ಪ್ರಯೋಗಗಳು ವಾದವನ್ನು ಪುನಃ ಎಬ್ಬಿಸಿದವು. ಸ್ಮೃತಿಯನ್ನು ಕುರಿತ ಅಧ್ಯಯನವೆಂದು ಸಾರಿ ಜನರನ್ನು ಕರೆದು, ಇನ್ನೊಬ್ಬನು ಉತ್ತರದಲ್ಲಿ ತಪ್ಪಿದಾಗಲೆಲ್ಲ ೧೫ರಿಂದ ೪೫೦ ವೋಲ್ಟುಗಳವರೆಗೆ ಏರುವ ವಿದ್ಯುದಾಘಾತವನ್ನು ಕೊಡಬೇಕೆಂದು ಅವರಿಗೆ ಆಜ್ಞಾಪಿಸಿದರು. ಆ ‘ಇನ್ನೊಬ್ಬನು’ ನಟಿಸುತ್ತಿದ್ದವನು. ಅವನಿಗೆ ಆಘಾತವೇನೂ ಆಗುತ್ತಿರಲಿಲ್ಲ. ೧೯೬೩ರಲ್ಲಿ ಪ್ರಕಟವಾದ ಮೊದಲ ವರದಿಯಂತೆ ೪೦ ಮಂದಿಯಲ್ಲಿ ೨೬ ಮಂದಿ ಕೊನೆಯವರೆಗೂ ಆಜ್ಞೆಯನ್ನು ಪಾಲಿಸಿದರು. ಅವರಲ್ಲಿ ಹಲವರು ಬೆವರಿ, ನಡುಗಿ, ತೊದಲಿದರೆಂದೂ ವರದಿಯು ಹೇಳುತ್ತದೆ. ಸಾಮಾನ್ಯರು ಅಧಿಕಾರದ ಮಾತಿಗೆ ಮಣಿದು ಕ್ರೂರಕರ್ಮಕ್ಕೆ ಇಳಿಯುವರೇ ಎಂಬ ಪ್ರಶ್ನೆಯು ಯುದ್ಧಾನಂತರದ ಲೋಕಕ್ಕೆ ಕ್ಷುಲ್ಲಕವಾಗಿರಲಿಲ್ಲ. ಇದನ್ನು ಮಿಲ್‌ಗ್ರಾಮನ ಪಕ್ಷದಲ್ಲಿ ಹೇಳಲೇಬೇಕು. ತನ್ನ ಪ್ರಯೋಗಕ್ಕೆ ಒಳಗಾದವರನ್ನು ಬಳಿಕ ವಿಚಾರಿಸಿದಾಗ ೧೦೦ಕ್ಕೆ ೮೪ ಮಂದಿ ಸಂತೋಷವನ್ನೇ ಸೂಚಿಸಿದರೆಂದು ಅವನು ಸಮಾಧಾನ ಹೇಳಿದನು.

೧೯೬೪ರಲ್ಲಿ ಡಯಾನಾ ಬೌಮ್‌ರಿಂಡ್ ಎಂಬ ವಿದುಷಿಯು ಎತ್ತಿದ ಆಕ್ಷೇಪಣೆಯು ಈ ಚರಿತ್ರೆಯಲ್ಲಿ ವಿಶೇಷವಾಗಿ ನೆನೆಯತಕ್ಕದ್ದು. ನಂಬಿ ಬಂದವರ ಮನಸ್ಸಿಗೆ ಘಾಸಿಯಾಯಿತೆಂಬುದು ಒಂದು ಮಾತು. ಪ್ರಯೋಗಶಾಲೆಯೆಂಬ ಸ್ಥಾನವೇ ಬಂದವನಲ್ಲಿ ನಂಬಿಕೆಯನ್ನೂ ವಿಧೇಯತೆಯನ್ನೂ ಹುಟ್ಟಿಸುವುದರಿಂದ ವಿಧೇಯತೆಯನ್ನು ಅಳೆಯಲು ಅದು ತಕ್ಕ ಸ್ಥಾನವಲ್ಲವೆಂಬುದು ಇನ್ನೊಂದು ಮಾತು. ಮೊದಲನೆಯದು ಧರ್ಮದ ಆಕ್ಷೇಪಣೆ, ಎರಡನೆಯದು ಕ್ರಮದ ಆಕ್ಷೇಪಣೆ, ಎರಡಕ್ಕೂ ಹೇತುವೊಂದೇ. ಬಂದವನು ಪರೀಕ್ಷಕನನ್ನು ನೋಡುತ್ತಿರುವ, ಅವನಲ್ಲಿ ವಿಶ್ವಾಸವಿಟ್ಟ ವಿಷಯಿಯೆಂಬುದು ಮರೆತುಹೋಗಿದ್ದಿತು. ಮಾರ್ಟಿನ್ ಆರ್ನ್ ಎಂಬುವನು ೧೯೬೨ರಲ್ಲಿಯೇ, ಪರೀಕ್ಷ್ಯರು ಪ್ರಯೋಗದ ಗುಟ್ಟನ್ನು ಊಹಿಸಿ ಅದಕ್ಕೆ ತಕ್ಕಂತೆ ನಡೆಯುವುದುಂಟೆಂದು ತೋರಿಸಿದ್ದನು. ವಂಚನೆಯು ರೂಢಿಯಾದಷ್ಟೂ ವಂಚನೆಯ ಶಂಕೆಯೂ ಬೆಳೆಯುವುದು. ಶಂಕಿತನಾದ ಪರೀಕ್ಷ್ಯನಿಂದ ದೊರೆತ ಫಲಿತವು ಯಾವುದಕ್ಕೆ ಪ್ರಮಾಣ? ಪೂರ್ವಪಕ್ಷಕ್ಕೆ ಇದೇ ಸಮಾಧಾನ.

೭

ಇನ್ನು ನಾಮದ ಕಡೆಗೆ ತಿರುಗಬಹುದು. ೧೯೭೩ರಲ್ಲಿ ಅಮೆರಿಕದ ಸಂಘವು ಹೊರತಂದ ನೀತಿಗ್ರಂಥದ ಶಿರೋನಾಮದಲ್ಲಿ ‘ಸಬ್ಜೆಕ್ಟ್’ ಶಬ್ದವು ಹೋಗಿ ‘ಸಹಭಾಗಿ’ ಎಂಬರ್ಥದ ಪದವು ಬಂದಿತು. ಲೇಖನಪದ್ಧತಿಯನ್ನು ಗೊತ್ತುಮಾಡುವ ಅದರ ಕೈಪಿಡಿಯು ಈ ಪದವನ್ನು ವಿಧಿಸಿದುದು ೧೯೯೪ರ ನಾಲ್ಕನೆಯ ಆವೃತ್ತಿಯಲ್ಲಿ. ಧರ್ಮಗ್ರಂಥದಿಂದ ವ್ಯಾಕರಣಗ್ರಂಥಕ್ಕೆ ಒಂದು ಪದವು ಬಂದು ಸೇರಲು ಇಪ್ಪತ್ತೊಂದು ವರ್ಷಗಳು ಹಿಡಿದವು. ಭಾರತದಲ್ಲಿಯೂ ಇದರ ಪ್ರತಿಬಿಂಬವುಂಟು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ೨೦೦೦ದ ನಿಯಮಾವಳಿಯ ಶಿರೋನಾಮವು ಮಾನವ ‘ಸಬ್ಜೆಕ್ಟು’ಗಳ ಮೇಲಣ ಸಂಶೋಧನೆಯೆಂದಿದ್ದಿತು; ೨೦೦೬ರಲ್ಲಿ ಮಾನವ ಸಹಭಾಗಿಗಳ ಮೇಲಣ ಸಂಶೋಧನೆಯೆಂದಾಯಿತು; ೨೦೧೭ರಲ್ಲಿ ‘ಮೇಲಣ’ ಎಂಬ ವಿಭಕ್ತ್ಯರ್ಥವೂ ಹೋಗಿ, ಸಹಭಾಗಿಗಳನ್ನು ಒಳಗೊಂಡ ಸಂಶೋಧನೆಯೆಂದಾಯಿತು. ಪ್ರಾತಿಪದಿಕವು ಮೊದಲು ಬದಲಾಗಿ ವಿಭಕ್ತಿಯು ಆಮೇಲೆ ಬದಲಾದುದನ್ನು ವೈಯಾಕರಣರು ಗಮನಿಸಬಹುದು.

ಲೈಪ್‌ಜಿಗ್‌ನ ವಿದ್ಯೆಯು ಭಾರತಕ್ಕೆ ಬಂದುದೂ ಗುರುಪರಂಪರೆಯ ದಾರಿಯಿಂದಲೇ. ವುಂಟನ ಶಿಷ್ಯನಾದ ಮ್ಯೂನ್‌ಸ್ಟರ್‌ಬೆರ್ಗ್‌ನಲ್ಲಿ ಹಾರ್ವರ್ಡ್‌ನಲ್ಲಿ ಕಲಿತ ನರೇಂದ್ರನಾಥ ಸೇನಗುಪ್ತರು ೧೯೧೬ರಲ್ಲಿ ಕಲ್ಕತ್ತೆಯಲ್ಲಿ ಈ ಶಾಸ್ತ್ರದ ವಿಭಾಗವನ್ನು ನಡೆಸತೊಡಗಿದರು. ವುಂಟನ ಬಳಿಯೇ ಓದಿದ್ದ ಸ್ಪಿಯರ್‌ಮನ್ನನಲ್ಲಿ ಲಂಡನ್ನಿನಲ್ಲಿ ಅಭ್ಯಾಸಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ೧೯೨೪ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ವಿಭಾಗವನ್ನು ಆರಂಭಿಸಿದರು. ೧೯೩೫ರಲ್ಲಿ ಮೈಸೂರಿನಲ್ಲಿ ಆಕಾಶವಾಣಿಯನ್ನು ಹುಟ್ಟುಹಾಕಿದವರೂ ಇವರೇ. ಪ್ಯಾರಿಸಿನ ಮಕ್ಕಳಿಗಾಗಿ ಬೀನೆಯು ೧೯೦೫ರಲ್ಲಿ ರಚಿಸಿದ ಬುದ್ಧಿಪರೀಕ್ಷೆಯನ್ನು ವಿ. ವಿ. ಕಾಮತರು ಕನ್ನಡ ಮತ್ತು ಮರಾಠೀ ಮಕ್ಕಳಿಗೆ ಹೊಂದುವಂತೆ ತಿದ್ದಿ, ತಮ್ಮ ಗ್ರಂಥವನ್ನು ೧೯೪೦ರಲ್ಲಿ ಹೊರತಂದರು. ಇಲ್ಲಿಯೂ ಅದೇ ತತ್ತ್ವ. ಮಗುವು ಕಾಣದ ವಸ್ತುವನ್ನು ಮಗುವಿನದಲ್ಲದ ಮಾತಿನಲ್ಲಿ ಕೇಳಿ, ಉತ್ತರ ಬಾರದಿದ್ದಾಗ ಅದನ್ನು ಮಂದಬುದ್ಧಿಯೆನ್ನುವುದು ಕ್ರಮದಲ್ಲಿ ತಪ್ಪು, ಧರ್ಮದಲ್ಲಿ ಅನ್ಯಾಯ. ಮಗುವಿನ ಮಾತಿಗೆ ಪರೀಕ್ಷೆಯನ್ನು ಹೊಂದಿಸುವುದೆಂದರೆ ಮಗುವನ್ನು ಸಾಕ್ಷಿಯೆಂದು ಒಪ್ಪುವುದೇ.

೮

೨೦೧೫ರಲ್ಲಿ ಎರಡು ಫಲಿತಗಳು ಪ್ರಕಟವಾದವು. ಪ್ರಸಿದ್ಧ ಪತ್ರಿಕೆಗಳಿಂದ ಆರಿಸಿದ ನೂರು ಮನಶ್ಶಾಸ್ತ್ರಪ್ರಯೋಗಗಳನ್ನು ಅನೇಕ ವಿದ್ವಾಂಸರು ಸೇರಿ ಪುನಃ ನಡೆಸಿದಾಗ, ಮೂಲದಲ್ಲಿ ೧೦೦ಕ್ಕೆ ೯೭ರಷ್ಟು ಸಾರ್ಥಕಫಲಿತಗಳಿದ್ದುದು ೧೦೦ಕ್ಕೆ ೩೬ಕ್ಕೆ ಇಳಿಯಿತು. ಅದೇ ವರ್ಷ ಆಂಸ್ಟರ್‌ಡಾಮಿನಲ್ಲಿ ಒಬ್ಬನು ಎಬಿಂಗ್‌ಹೌಸನಂತೆಯೇ ತಾನೇ ಪರೀಕ್ಷ್ಯನಾಗಿ ೭೦ ಗಂಟೆಗಳ ಕಾಲ ಅಕ್ಷರಪುಂಜಗಳನ್ನು ಕಲಿತ ಪ್ರಯೋಗದ ಫಲವು ಹೊರಬಂದಿತು. ೧೮೮೫ರ ಮರವೆಯ ರೇಖೆಯು ಬಹುಮಟ್ಟಿಗೆ ಹಾಗೆಯೇ ಮೂಡಿತು. ಇವೆರಡರಿಂದ ಸಾರ್ವತ್ರಿಕವಾದ ವ್ಯಾಪ್ತಿಯನ್ನು ಕಟ್ಟುವುದು ದುಡುಕಾದೀತು. ಸ್ಮೃತಿಯಂತೆ ಎಲ್ಲ ಮನೋಧರ್ಮಗಳೂ ಸರಳವಲ್ಲ. ಆದರೂ ತನ್ನ ಪ್ರಯೋಗದ ಭಾರವನ್ನು ತಾನು ಹೊತ್ತವನು ಎಚ್ಚರತಪ್ಪುವ ಸಂಭವವು ಕಡಮೆಯೆಂದು ತಿಳಿದರೆ ತಪ್ಪಾಗದು.

ವಾತ್ಸ್ಯಾಯನಮುನಿಯು ನ್ಯಾಯಭಾಷ್ಯದಲ್ಲಿ ಆಪ್ತನ ಲಕ್ಷಣವನ್ನು ಹೇಳುವಾಗ, ಅದು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದಿದ್ದಾನೆ. ಕಂಡುದನ್ನು ಕಂಡಂತೆ ಹೇಳುವವನು ಯಾರಾದರೂ ಆಪ್ತನೇ. ಲೈಪ್‌ಜಿಗ್‌ನವರು ಪರೀಕ್ಷ್ಯನನ್ನು ಆಪ್ತನೆಂದು ಬಗೆದರು. ಆದರೆ ವಿದ್ವಾಂಸರೊಬ್ಬರೇ ಆಪ್ತರೆಂದುಕೊಂಡರು. ಅವರ ಬಳಿಕ ಬಂದವರು ಸಾಮಾನ್ಯರನ್ನು ಒಳಗೆ ಕರೆದರು. ಆದರೆ ಆಪ್ತತ್ವವನ್ನು ಬಾಗಿಲ ಹೊರಗೇ ನಿಲ್ಲಿಸಿದರು. ಅಯೋವಾದ ಅನಾಥಮಕ್ಕಳಿಗೆ ತಮಗೇನಾಯಿತೆಂದು ಹೇಳುವ ಅವಕಾಶವು ದೊರೆತುದು ಅರುವತ್ತು ವರ್ಷಗಳ ಮೇಲೆ, ಮುಪ್ಪಿನಲ್ಲಿ. ಹೆಸರನ್ನು ಬದಲಾಯಿಸಿದ ಮಾತ್ರಕ್ಕೆ ಈ ನ್ಯೂನತೆಯು ತೀರುವುದಿಲ್ಲ. ಎದುರಿಗೆ ಕುಳಿತವನ ಮಾತನ್ನು ಪ್ರಮಾಣವಾಗಿ ಕೇಳಬಲ್ಲ ಪರೀಕ್ಷಕನಿದ್ದಲ್ಲಿ ಮಾತ್ರ ‘ಸಹಭಾಗಿ’ ಎಂಬ ಪದವು ಅನ್ವರ್ಥವಾಗುವುದು.